ಬಾಯಲ್ಲಿ ಗುಂಡುಸೂಜಿ

ನನ್ನಕ್ಕ ಬಾಯಿ ಮುಚ್ಚಿಕೊಂಡಿರುವುದು ಎರಡೇ ಹೊತ್ತು: ನಿದ್ದೆ ಮಾಡುವಾಗ, ಮತ್ತು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿರುವಾಗ. ಉಳಿದ ಹೊತ್ತಿನ ಕಥೆ ನನ್ನನ್ನು ಕೇಳಿ. ಅವಳ ಹೊಲಿಗೆ ಅಂಗಡಿಗೂ ನನ್ನ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದಿಟ್ಟಿಗೆ ದಪ್ಪದ ಗೋಡೆ. ಇಪ್ಪತ್ತೆರಡು ವರ್ಷಗಳಿಂದ ನಾನು ಗೋಡೆಯ ಈ ಕಡೆ ಪಂಕ್ಚರ್ ಹಾಕುತ್ತಿದ್ದೇನೆ, ಅವಳು ಆ ಕಡೆ ಊರಿನವರನ್ನೆಲ್ಲ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ.

ಎಲ್ಲರಿಗೂ ಅವಳು ಟೈಲರಕ್ಕ. ಅವಳಿಗೆ ಮಾತ್ರ ಯಾರ ಹೆಸರೂ ನೆನಪಿರುವುದಿಲ್ಲ, ಮೈಕಟ್ಟು ನೆನಪಿರುತ್ತದೆ. ಅವಳ ಅಳತೆ ಪುಸ್ತಕ ತೆರೆದರೆ “ಎಡಭುಜ ತಗ್ಗು”, “ಕುತ್ತಿಗೆಯೇ ಇಲ್ಲ”, “ಪೋಸ್ಟ್‌ಮ್ಯಾನ್, ಹೊಟ್ಟೆ ವರ್ಷಕ್ಕೆ ಒಂದಿಂಚು” ಎಂದೆಲ್ಲ ಬರೆದಿರುತ್ತಾಳೆ. ಹೆಡ್‌ಮೇಷ್ಟ್ರು ಒಮ್ಮೆ ಅದನ್ನು ಇಣುಕಿ ನೋಡಿದರು. ಅವರ ಹಾಳೆಯ ಮೇಲೆ “ಎಷ್ಟು ಹೇಳಿದರೂ ಬಿಗಿಯೇ ಬೇಕಂತೆ, ಕೂತರೆ ಹರಿಯುತ್ತೆ” ಎಂದಿತ್ತು. ಒಂದು ತಿಂಗಳು ಅವರು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಪ್ಯಾಂಟು ಹರಿಯಿತು, ಬಂದರು.

“ಯಾಕಕ್ಕಾ ಮದುವೆ ಆಗಲಿಲ್ಲ?” ಎಂದು ಹೊಸಬರು ಕೇಳಿದರೆ, “ಮೂರು ಗಂಡು ಬಂದಿದ್ವು. ಒಂದೂ ಸರಿಹೋಗಲಿಲ್ಲ, ವಾಪಸ್ ಕಳಿಸ್ದೆ” ಅನ್ನುತ್ತಾಳೆ. ನಿಜ ಬೇರೆ. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ತೀರಿಕೊಂಡಾಗ ನನಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಹೊಲಿಗೆ ಯಂತ್ರ ತುಳಿದು ತುಳಿದು ನನ್ನನ್ನು ಸಾಕಿದಳು, ಅಂಗಡಿ ಹಾಕಿಕೊಟ್ಟಳು, ಮದುವೆ ಮಾಡಿದಳು. ಅಷ್ಟೆಲ್ಲ ಮುಗಿಯುವ ಹೊತ್ತಿಗೆ ಅವಳ ಮದುವೆಯ ವಯಸ್ಸು ದಾಟಿತ್ತು. ಇದನ್ನು ಅವಳೆದುರು ಹೇಳಿದರೆ ಕತ್ತರಿ ಎತ್ತಿಕೊಂಡು ಬರುತ್ತಾಳೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದಾಗ ಅಕ್ಕ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ತೊಟ್ಟಿಲನ್ನು ನೋಡಿದಳು. “ಒಂದು ಗುಂಡಿ, ಒಂದು ಕಾಜಾ. ಒಂದಿಲ್ದೆ ಇನ್ನೊಂದು ಯಾವ ಕೆಲಸಕ್ಕೂ ಬರಲ್ಲ” ಎಂದಳು. ಅಂಗಿಗೆ ಗುಂಡಿ ಹೇಗೋ ಅದು ತೂರುವ ಕಾಜಾ ಹಾಗೆ, ಅಲ್ಲವೇ? ಅವತ್ತಿನಿಂದ ಹತ್ತು ನಿಮಿಷ ದೊಡ್ಡವಳು ಗುಂಡಿ, ಚಿಕ್ಕವಳು ಕಾಜಾ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರುಗಳಿವೆ. ಆ ಹೆಸರು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

ನನ್ನ ಹೆಂಡತಿ ಡೈರಿಯಲ್ಲಿ ಹಾಲು ಪರೀಕ್ಷಿಸುವವಳು, ಬೆಳಕು ಹರಿಯುವ ಮೊದಲೇ ಹೊರಡಬೇಕು. ಹೀಗಾಗಿ ಮಕ್ಕಳು ಬೆಳೆದದ್ದು ಅಕ್ಕನ ಕತ್ತರಿಸುವ ಮೇಜಿನ ಕೆಳಗೆ, ಬಟ್ಟೆಚೂರುಗಳ ರಾಶಿಯಲ್ಲಿ. ಅತ್ತೆಯ ಬಾಯಿ ಅವರಿಗೆ ಇಡಿಯಾಗಿ ಬಂತು. ಒಬ್ಬಳು ಶುರುಮಾಡಿದ ಮಾತನ್ನು ಇನ್ನೊಬ್ಬಳು ಮುಗಿಸುತ್ತಾಳೆ, ಮುಗಿಸಿದ್ದು ಸರಿಯಿಲ್ಲವೆಂದು ಮೊದಲನೆಯವಳು ಮತ್ತೆ ಶುರುಮಾಡುತ್ತಾಳೆ. ಟೀಚರು ಬೇಸತ್ತು ಒಬ್ಬಳನ್ನು ಮೊದಲ ಬೆಂಚಿಗೂ ಇನ್ನೊಬ್ಬಳನ್ನು ಕೊನೆಯ ಬೆಂಚಿಗೂ ಹಾಕಿದರು. ಅದುವರೆಗೆ ಪಿಸುಗುಟ್ಟುತ್ತಿದ್ದವರು ಕೂಗಿ ಮಾತಾಡತೊಡಗಿದರು.

ಇಂಥ ಮಕ್ಕಳನ್ನು, ತುಟಿ ಬಿಚ್ಚದ ಭಯಂಕರ ಅವಳಿಗಳ ಪಾತ್ರಕ್ಕೆ ಆರಿಸಿದರು ಅಂದರೆ ಸಿನಿಮಾದವರ ಬುದ್ಧಿಯನ್ನು ನೀವೇ ಅಳೆಯಿರಿ.

ಊರಾಚೆ ಹೊಲಗಳ ನಡುವೆ ಬಹಳ ದಿನದಿಂದ ಬೀಗ ಹಾಕಿದ್ದ ಒಂದು ಒಂಟಿಮನೆಯಿದೆ. ಅಲ್ಲಿಗೆ ಎರಡು ವ್ಯಾನು, ಒಂದು ಲಾರಿ ಬಂದವು. ಮೂರನೆಯ ದಿನ ಕಥಾನಾಯಕಿ ತುಳಿಯಬೇಕಾದ ಸೈಕಲ್ಲಿನ ಚೈನು ಕಳಚಿ, ಅದನ್ನು ತಳ್ಳಿಕೊಂಡು ಡೈರೆಕ್ಟರೇ ನನ್ನ ಅಂಗಡಿಗೆ ಬಂದರು. ಇನ್ನೂ ಮೂವತ್ತು ದಾಟದ ಹುಡುಗಿ, ತಲೆಗೆ ದೊಡ್ಡ ಟೋಪಿ. ಮಕ್ಕಳಿಬ್ಬರೂ ಆಗ ಅಕ್ಕನ ಅಂಗಡಿಯ ಹೊಸ್ತಿಲ ಮೇಲೆ ಕೂತು, ಎರಡೂ ಕೆನ್ನೆ ಉಬ್ಬುವಷ್ಟು ಬನ್ನು ತುಂಬಿಕೊಂಡಿದ್ದರು. ಅದೊಂದೇ ಕಾರಣಕ್ಕೆ ಸುಮ್ಮನಿದ್ದರು. ಡೈರೆಕ್ಟರು ಅವರನ್ನೇ ನೋಡುತ್ತ ನಿಂತುಬಿಟ್ಟರು.

ಕಥೆ ಹೇಳಿದರು. ಹಾಸಿಗೆ ಹಿಡಿದ ಮುದುಕನನ್ನು ನೋಡಿಕೊಳ್ಳಲು ಒಬ್ಬಳು ನರ್ಸು ಹಳ್ಳಿಯ ಒಂಟಿಮನೆಗೆ ಬರುತ್ತಾಳೆ. ಅಲ್ಲಿ ಮುದುಕನ ಇಬ್ಬರು ಅವಳಿ ಮೊಮ್ಮಕ್ಕಳು. ಮಾತಿಲ್ಲ, ನಗುವಿಲ್ಲ, ಬಾಗಿಲಲ್ಲಿ, ಮೆಟ್ಟಿಲ ಮೇಲೆ, ಕಿಟಕಿಯಾಚೆ ಸುಮ್ಮನೆ ನಿಂತು ನೋಡುತ್ತಾರೆ. ಕೆಲವೊಮ್ಮೆ ನರ್ಸು ಎಣಿಸಿದರೆ ಮೂವರಿರುತ್ತಾರೆ. ಕೊನೆಗೆ ಅವಳಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಗುತ್ತದೆ.

“ಮಕ್ಕಳು ಅವಳಿಗೆ ಏನ್ ಮಾಡ್ತಾರೆ ಮೇಡಂ?” ಎಂದು ಕೇಳಿದೆ.

“ಏನೂ ಮಾಡಲ್ಲ ಸರ್. ಅದೇ ಸಿನಿಮಾ. ಭಯ ಎಲ್ಲಾ ನೋಡೋರ ತಲೇಲಿ ಇರೋದು.”

ನನ್ನನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಸರ್ ಅಂದಿದ್ದರು. ಹಿಂದುಮುಂದು ನೋಡದೆ ಒಪ್ಪಿಕೊಂಡೆ. ಹೆಂಡತಿ, “ಮಕ್ಕಳ ಮುಖ ಪೋಸ್ಟರಲ್ಲಿ ನೋಡೋ ಚಪಲ ನಿಮಗೆ” ಎಂದಷ್ಟೇ ಹೇಳಿ ಒಳಗೆ ಹೋದಳು. ಅಕ್ಕ ಅಷ್ಟಕ್ಕೆ ಬಿಡುವವಳಲ್ಲ. “ಹೆತ್ತ ಮಕ್ಕಳನ್ನ ದೆವ್ವ ಮಾಡ್ತೀವಿ ಅಂತಿದ್ದಾರೆ, ನೀನು ಹಲ್ಲು ಕಿರೀತಿದ್ದೀಯಲ್ಲೋ ಮಂಕೇ!” ಎಂದು ಗೋಡೆ ಅದುರುವಂತೆ ಬೈದಳು. ಆದರೆ ಡೈರೆಕ್ಟರು ಒಳಗೆ ಹೋಗಿ, ಅವಳಿಗಳಿಗೆ ಆರು ಜೊತೆ ಬಿಳಿ ಫ್ರಾಕು ನೀವೇ ಹೊಲಿದುಕೊಡಬೇಕು, ನಿಮ್ಮ ಕೈಯ ಕಾಲರು ನಮ್ಮವರಿಗೆ ಬರುವುದಿಲ್ಲ ಎಂದಾಗ ಬೈಗುಳ ನಿಂತಿತು. ಹೊಗಳಿಕೆಗೆ ಬಗ್ಗದ ತಲೆ ನಮ್ಮ ಮನೆತನದಲ್ಲಿ ಇಲ್ಲ.

ಚಿತ್ರೀಕರಣದ ಮೊದಲ ದಿನ ಮಕ್ಕಳು ಮೆಟ್ಟಿಲ ಮೇಲೆ ನಿಂತು ನರ್ಸನ್ನು ನೋಡಬೇಕಿತ್ತು. ನೋಡಿದರು. “ನಿಮ್ಮ ಹುಬ್ಬು ನಿಜವಾದದ್ದಾ?” ಎಂದಳು ಗುಂಡಿ. “ಬರೆದಿರೋದು ಕಣೇ” ಎಂದಳು ಕಾಜಾ. ನರ್ಸಿನ ಪಾತ್ರದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡನೆಯ ಸಲ ಹಾಸಿಗೆ ಹಿಡಿದ ಮುದುಕ ನಕ್ಕ. ಹದಿನೇಳನೆಯ ಸಲದ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಬಿಸಿಲು ಇಳಿಯುತ್ತಿತ್ತು, ಡೈರೆಕ್ಟರು ಟೋಪಿ ತೆಗೆದು ನೆಲದ ಮೇಲೆ ಕೂತಿದ್ದರು.

ಫ್ರಾಕಿನ ಅಂಚು ಇಳಿಸಲು ಬಂದಿದ್ದ ಅಕ್ಕ ಆಗ ಎದ್ದಳು.

“ಇಲ್ಲಿ ಬನ್ರೇ ಇಬ್ರೂ. ನಾನು ಗುಂಡುಸೂಜಿ ಕಚ್ಕೊಂಡಾಗ ಮಾತಾಡ್ತೀನಾ?”

“ಇಲ್ಲ.”

“ನಗ್ತೀನಾ?”

“ನಕ್ಕರೆ ಸೂಜಿ ಹೊಟ್ಟೆಗೆ ಹೋಗುತ್ತೆ.”

“ಯಾರಾದ್ರೂ ತಪ್ಪು ಅಳತೆ ಹೇಳಿದ್ರೆ?”

“ಕಣ್ಣಲ್ಲೇ ಬೈತೀಯ.”

“ಹಾಂ. ಈಗ ನಿಮ್ಮ ಬಾಯಲ್ಲಿ ನಾಲ್ಕು ನಾಲ್ಕು ಗುಂಡುಸೂಜಿ ಇದೆ ಅಂದ್ಕೊಳ್ಳಿ. ಆ ನರ್ಸಮ್ಮ ತಪ್ಪು ಅಳತೆ ಹೇಳ್ತಿದ್ದಾಳೆ. ಹೋಗಿ, ನಿಂತ್ಕೊಳ್ಳಿ.”

ಮಕ್ಕಳು ಹೋಗಿ ನಿಂತರು. ತುಟಿಗಳನ್ನು ಒಳಗೆಳೆದು ಒಂದು ಗೆರೆ ಮಾಡಿಕೊಂಡರು. ಗದ್ದ ಸ್ವಲ್ಪ ಕೆಳಗೆ, ಕಣ್ಣು ಮೇಲೆ. ಹುಟ್ಟಿದಾಗಿನಿಂದ ಮೇಜಿನ ಕೆಳಗೆ ಕೂತು ಅವರು ನೋಡಿದ ಮುಖ ಅದು. ಅದನ್ನೇ ಎರಡು ಪುಟ್ಟ ಮೈಗಳ ಮೇಲೆ, ಬಿಳಿ ಫ್ರಾಕಿನ ಮೇಲೆ ನೋಡಿದಾಗ ನಾನೇ ಬೆಚ್ಚಿಬಿದ್ದೆ. ಹೆತ್ತ ಅಪ್ಪ ನಾನು! ಕ್ಯಾಮೆರಾದವನು ಒಂದು ಹೆಜ್ಜೆ ಹಿಂದೆ ಸರಿದ. ನರ್ಸು ಮಾತು ಮರೆತಳು. ಡೈರೆಕ್ಟರು ಎರಡೂ ಕೈ ಜೋಡಿಸಿ, “ಅಮ್ಮಾ, ನೀವು ದಿನಾ ಬರಬೇಕು” ಎಂದರು. ಅಲ್ಲಿಂದ ಮುಂದೆ ಕೆಲಸ ಹೂವೆತ್ತಿದಂತೆ ಸಾಗಿತು.

ಎಂಟು ತಿಂಗಳ ಮೇಲೆ ಪಕ್ಕದ ಪಟ್ಟಣದ ಥಿಯೇಟರಿಗೆ ಸಿನಿಮಾ ಬಂತು. ನಾನು ಪೋಸ್ಟರಿನ ಮುಂದೆ ನಿಂತು ಹೋಗಿಬರುವವರಿಗೆಲ್ಲ, “ಎರಡೂ ನಮ್ಮವೇ” ಎಂದೆ. ನಮ್ಮೂರಿನವರು ಗುಂಪುಗುಂಪಾಗಿ ಹೋಗಿ ನೋಡಿ ಬಂದರು. ಬಂದವರು ನನ್ನ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. ಅವರು ರಸ್ತೆಯ ಆ ಪಕ್ಕದಿಂದ ಹೋದರು.

ಮೊದಮೊದಲು ಮಕ್ಕಳಿಗೆ ಇದು ಹಬ್ಬವೇ ಆಯಿತು. ಕಿರಾಣಿ ಅಂಗಡಿಯ ಮುಂದೆ ಇಬ್ಬರೂ ಕೈ ಕೈ ಹಿಡಿದು ಸುಮ್ಮನೆ ನಿಂತರೆ ಸಾಕು, ಅಂಗಡಿಯವನು ಕೇಳುವ ಮೊದಲೇ ಪೆಪ್ಪರ್‌ಮಿಂಟು ಕೊಟ್ಟು ಕಳಿಸುತ್ತಿದ್ದ. ನಲ್ಲಿಯ ಹತ್ತಿರ ಸಾಲು ತಾನಾಗಿ ಸರಿದು ಜಾಗ ಬಿಡುತ್ತಿತ್ತು. ಪೋಸ್ಟ್‌ಮ್ಯಾನ್ ಕಾಗದಗಳನ್ನು ಗೇಟಿನ ಹೊರಗಿನಿಂದಲೇ ಎಸೆದು ಪೆಡಲ್ ತುಳಿಯುತ್ತಿದ್ದ. ಅಷ್ಟು ಜೋರಾಗಿ ಅವನು ಸೈಕಲ್ ಹೊಡೆದದ್ದನ್ನು ನಾನು ನೋಡಿರಲಿಲ್ಲ, ಹೊಟ್ಟೆ ಅರ್ಧ ಇಂಚು ಇಳಿಯಿತೆಂದು ಅಕ್ಕ ಹೇಳಿದಳು.

ಆದರೆ ಹಗ್ಗದಾಟಕ್ಕೆ ಮೂವರು ಬೇಕು. ತಿರುಗಿಸಲು ಇಬ್ಬರು, ಹಾರಲು ಒಬ್ಬರು. ಆ ಮೂರನೆಯವಳು ಯಾವಾಗಲೂ ಬೇಕರಿಯವರ ಮಗಳು. ಒಂದನೇ ಕ್ಲಾಸಿನಿಂದ ಅವಳ ಊಟದ ಡಬ್ಬಿ ನಮ್ಮ ಮಕ್ಕಳ ಡಬ್ಬಿಯ ಜೊತೆಯೇ ತೆರೆಯುತ್ತಿತ್ತು. ಸಿನಿಮಾ ನೋಡಿ ಬಂದ ಮರುದಿನ ಅವಳು ಬೆಂಚು ಬದಲಾಯಿಸಿದಳು. ಅವಳು ಹೋದದ್ದು ನೋಡಿ ಉಳಿದವರೂ ಹೋದರು. ಒಂದು ಸಂಜೆ ನೋಡುತ್ತೇನೆ, ನಮ್ಮಂಗಡಿಗಳ ಮುಂದೆ ಮಕ್ಕಳಿಬ್ಬರೂ ಹಗ್ಗ ತಿರುಗಿಸುತ್ತಿದ್ದಾರೆ, ನಡುವೆ ಯಾರೂ ಇಲ್ಲ. ಹಗ್ಗ ಬರಿದೇ ನೆಲಕ್ಕೆ ಬಡಿಯುತ್ತಿದೆ. ಒಬ್ಬರೂ ಮಾತಾಡುತ್ತಿಲ್ಲ. ಸಿನಿಮಾ ನನಗೆ ಅಷ್ಟು ಹೆದರಿಕೆ ಹುಟ್ಟಿಸಿರಲಿಲ್ಲ.

ಆಮೇಲೆ ಗೋಡೆಯಾಚೆಯಿಂದ ಕಾಜಾಳ ದನಿ ಕೇಳಿತು. “ಅತ್ತೆ, ನಾವು ಕೆಟ್ಟೋರಾ?”

ಯಂತ್ರ ನಿಂತಿತು. ನಾನು ಎಣ್ಣೆಗೈಯಲ್ಲೇ ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಅಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಕಣ್ಣು ಕೆಂಪಗಿತ್ತು. “ಆ ಮುಖ ಕಲಿಸಿದ್ದು ನಾನು ಕಣೋ” ಎಂದಳು ನನ್ನನ್ನು ನೋಡಿ. “ನನ್ನ ಕೈಯಾರೆ ಕೆಡಿಸಿದ್ದನ್ನ ನಾನೇ ಬಿಚ್ಚಿ ಹೊಲೀಬೇಕು.”

“ಬಿಡಕ್ಕಾ, ನಾಲ್ಕು ದಿನ ಹೋದ್ರೆ ಮರೀತಾರೆ.”

“ನಾಲ್ಕು ದಿನ ಮಕ್ಕಳಿಗೆ ನಾಲ್ಕು ವರ್ಷ. ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು. ಈ ಭಾನುವಾರ ಊರವರನ್ನೆಲ್ಲ ಅದೇ ಸಿನಿಮಾಗೆ ಕರ್ಕೊಂಡು ಹೋಗ್ತೀನಿ.”

“ಯಾರು ಬರ್ತಾರೆ?”

“ಎಲ್ಲರೂ ಬರ್ತಾರೆ.”

ಬಂದರು. ಯಾಕೆಂದರೆ ಸೋಮವಾರ ಶಾಲೆಯಲ್ಲಿ ಎಲ್ಲ ಕ್ಲಾಸಿನ ಫೋಟೊ ತೆಗೆಯುವವರಿದ್ದರು, ಮತ್ತು ಎಲ್ಲ ಮಕ್ಕಳ ಹೊಸ ಯೂನಿಫಾರ್ಮೂ ಅಕ್ಕನ ಕಪಾಟಿನಲ್ಲಿತ್ತು. ತೋಳಿಲ್ಲದ ಅಂಗಿಗಳನ್ನು ಅವಳು ಸಾಲಾಗಿ ಬಾಗಿಲಿಗೆ ನೇತುಹಾಕಿ, “ಭಾನುವಾರ ಮಾರ್ನಿಂಗ್ ಶೋಗೆ ಬಂದವರಿಗೆ ತೋಳು” ಎಂದು ಚೀಟಿ ಅಂಟಿಸಿದಳು. ಹೆಡ್‌ಮೇಷ್ಟ್ರು ಇದು ಅನ್ಯಾಯ ಎಂದರು. ಅವರ ಪ್ಯಾಂಟೂ ಒಳಗಿದೆಯೆಂದು ನೆನಪಿಸಿದ ಮೇಲೆ ಮೊದಲು ಬಸ್ಸು ಹತ್ತಿದವರು ಅವರೇ.

ಥಿಯೇಟರಿನಲ್ಲಿ ನಮ್ಮೂರಿನವರದೇ ಆರು ಸಾಲು. ನಾನು, ಹೆಂಡತಿ, ಮಕ್ಕಳು, ಅಕ್ಕ ನಾಲ್ಕನೆಯ ಸಾಲಿನಲ್ಲಿ. ನಮ್ಮ ಮುಂದೆ ಒಂದು ಸಾಲು ಬಿಟ್ಟು ಬೇಕರಿಯವರ ಮಗಳು, ಅವಳಮ್ಮನ ಕಂಕುಳಲ್ಲಿ. ಮಕ್ಕಳಿಬ್ಬರೂ ತಮ್ಮ ಸಿನಿಮಾವನ್ನು ಆವರೆಗೆ ನೋಡಿರಲಿಲ್ಲ, ನಾವು ತೋರಿಸಿರಲಿಲ್ಲ. ಕತ್ತಲಾಯಿತು. ಹೆಸರುಗಳಲ್ಲಿ “ವಸ್ತ್ರ: ಟೈಲರಕ್ಕ” ಎಂದು ಬಂದಾಗ ಅಕ್ಕ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಐವತ್ತೆರಡು ವರ್ಷದ ಹೆಂಗಸು!

ಮೆಟ್ಟಿಲ ಮೇಲೆ ಅವಳಿಗಳು ಕಾಣಿಸಿಕೊಂಡರು. ಪಿಟೀಲು ಕೊಯ್ಯುವಂತೆ ಕಿರುಗುಟ್ಟಿತು. ಆರು ಸಾಲೂ ಒಟ್ಟಿಗೆ ಹಿಂದಕ್ಕೆ ಒರಗಿತು. ಆಗ ಅಕ್ಕ ಎದ್ದುನಿಂತು ಜನರ ಕಡೆ ತಿರುಗಿದಳು. ಸೆರಗಿನಿಂದ ನಾಲ್ಕು ಗುಂಡುಸೂಜಿ ತೆಗೆದು ತುಟಿಗೆ ಕಚ್ಚಿಕೊಂಡು ಗದ್ದ ಇಳಿಸಿ ಕಣ್ಣು ಮೇಲೆ ಮಾಡಿದಳು. ಪರದೆಯ ಬೆಳಕು ಅವಳ ಮುಖದ ಒಂದು ಪಕ್ಕಕ್ಕೆ ಬಿದ್ದಿತ್ತು. ಪರದೆಯ ಮೇಲೆ ಎರಡು, ಕೆಳಗೆ ಒಂದು, ಅದೇ ಮುಖ. ಇಷ್ಟು ವರ್ಷಗಳಿಂದ ಅಳತೆ ಕೊಡುವಾಗ ಎಲ್ಲರೂ ಎದುರಿಗೇ ನೋಡಿದ ಮುಖ. ಮೊದಲು ನಕ್ಕವನು ಪೋಸ್ಟ್‌ಮ್ಯಾನ್. “ಅಯ್ಯೋ, ಇದು ನಮ್ಮ ಟೈಲರಕ್ಕ ಹೊಟ್ಟೆ ಅಳೆಯೋವಾಗ ನೋಡೋ ನೋಟ!” ಎಂದ.

ಅಕ್ಕ ಸೂಜಿ ತೆಗೆದಳು, ಇನ್ನು ಹಿಡಿಯುವವರಾರು? ಕಿಟಕಿಯಲ್ಲಿ ಅವಳಿಗಳ ನೆರಳು ಬಂದರೆ, “ಹಿಂದೆ ಸ್ಟೂಲು ಅಲ್ಲಾಡ್ತಿತ್ತು, ನಾನೇ ಹಿಡ್ಕೊಂಡಿದ್ದೆ” ಎಂದಳು. ಮುದುಕನ ಕೋಣೆಯಲ್ಲಿ ರಕ್ತ ಹರಿದರೆ, “ಬೀಟ್‌ರೂಟು. ಈ ಗುಂಡಿ ಅರ್ಧ ಲೋಟ ಕುಡಿದುಬಿಟ್ಟಳು” ಎಂದಳು. ಟಾರ್ಚು ಹಿಡಿದು ಗೇಟಿನವನು ಓಡಿ ಬಂದ, “ಅಮ್ಮಾ, ಸುಮ್ನಿರಿ, ಬೇರೆಯವರೂ ಇದ್ದಾರೆ” ಎಂದ. ಹಿಂದಿನಿಂದ ಪಟ್ಟಣದ ಯಾರೋ ಹುಡುಗ, “ಇರಲಿ ಬಿಡ್ರೀ! ಅಕ್ಕಾ, ಆ ಮೂರನೇ ಮಗು ಯಾರದು?” ಎಂದು ಕೂಗಿದ. “ಲೈಟ್ ಹಿಡಿಯೋನ ಮಗ, ತಲೆಗೆ ಟೋಪನ್ನು, ಸುಳ್ಳು ಕೂದಲು” ಎಂದಳು ಅಕ್ಕ. ಭಯದ ಸಿನಿಮಾಗೆ ಅಷ್ಟು ಚಪ್ಪಾಳೆ ಬಿದ್ದದ್ದನ್ನು ಆ ಥಿಯೇಟರು ಕಂಡಿರಲಾರದು. ಗುಂಡಿ ಕಾಜಾ ಇಬ್ಬರೂ ಸೀಟಿನ ಮೇಲೆ ಹತ್ತಿ ಕುಣಿಯುತ್ತಿದ್ದರು.

ಊರೆಲ್ಲ ನಕ್ಕಿತು. ನಮಗೆ ಬೇಕಾಗಿದ್ದ ಒಂದು ಮುಖ ಮಾತ್ರ ಎರಡು ಅಂಗೈಗಳ ಹಿಂದೆಯೇ ಉಳಿದಿತ್ತು. ಬೇಕರಿಯವರ ಮಗಳು ಪರದೆಯನ್ನೂ ನೋಡಲಿಲ್ಲ, ಹಿಂತಿರುಗಿ ನಮ್ಮನ್ನೂ ನೋಡಲಿಲ್ಲ. ಅಕ್ಕ ಅದನ್ನು ಗಮನಿಸಿದ್ದಳು. ಅವಳ ದನಿ ಒಂದೊಂದು ದೃಶ್ಯಕ್ಕೂ ಏರುತ್ತಿತ್ತು, ಆ ಕೈಗಳು ಸರಿಯಲಿಲ್ಲ.

ಆಮೇಲೆ ಬಾವಿಕಟ್ಟೆಯ ದೃಶ್ಯ ಬಂತು. ಸಂಜೆ. ಕಟ್ಟೆಯ ಪಕ್ಕ ಒಬ್ಬಳೇ ಹುಡುಗಿ. ಸಂಗೀತವಿಲ್ಲ. ನೇರ ನಮ್ಮನ್ನೇ ನೋಡುತ್ತಾಳೆ, ಕಣ್ಣು ಮಿಟುಕಿಸುವುದಿಲ್ಲ. ಇಡೀ ಸಿನಿಮಾದಲ್ಲಿ ಜನ ಅತಿ ಹೆಚ್ಚು ಬೆಚ್ಚಿದ ಜಾಗ ಇದೇ ಅಂತೆ. ಇಲ್ಲಿ ತುಟಿಗಳು ಗೆರೆಯಾಗಿರಲಿಲ್ಲ, ಸ್ವಲ್ಪ ತೆರೆದಿದ್ದವು. ನಗು ಒಂದೊಂದಾಗಿ ಅಡಗಿತು.

“ಇದೇನೋ ಇದು?” ಎಂದು ಅಕ್ಕ ನನ್ನ ಕಡೆ ಬಗ್ಗಿದಳು. ಅವಳಿಗೆ ಗೊತ್ತಿರಲಿಲ್ಲ. ಅದನ್ನು ಚಿತ್ರೀಕರಿಸಿದ ದಿನ ಗುಂಡಿಗೆ ಜ್ವರ, ಅಕ್ಕ ಮನೆಯಲ್ಲಿ ಅವಳ ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದಳು. ಕಾಜಾಳನ್ನು ಕರೆದುಕೊಂಡು ಹೋಗಿದ್ದವನು ನಾನು. ಹುಟ್ಟಿದ ಮೇಲೆ ಒಬ್ಬಳೇ ಎಲ್ಲಿಗೂ ಹೋಗದ ಮಗು, ಒಬ್ಬಳೇ ನಿಲ್ಲುವುದಿಲ್ಲ ಎಂದು ಹಟ ಹಿಡಿದಿತ್ತು. ಆಗ ನಾನೊಂದು ಸುಳ್ಳು ಹೇಳಿದೆ. ಏನು ಹೇಳಿದೆನೆಂದು ಅಕ್ಕನಿಗೆ ಉತ್ತರ ಕೊಡಬೇಕಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಕಾಜಾ ಸೀಟಿನ ಮೇಲೆ ನಿಂತೇ ಇದ್ದಳು. ತನ್ನ ಮುಖವನ್ನು ತಾನೇ ನೋಡುತ್ತ, ಯಾರಿಗೂ ಅಂತಲ್ಲದೆ ಹೇಳಿದಳು: “ಗುಂಡಿ ಆ ದಾರೀಲಿ ಈಗ ಬರ್ತಾಳೆ, ನೋಡ್ತಿರು ಅಂತ ಅಪ್ಪ ಹೇಳಿದ್ರು. ಅದಕ್ಕೇ ನೋಡ್ತಿದ್ದೆ. ಎಷ್ಟೊತ್ತು ನೋಡಿದ್ರೂ ಬರ್ಲಿಲ್ಲ. ಯಾರೂ ಬರ್ಲಿಲ್ಲ.”

ಪರದೆಯ ಮೇಲೆ ಮಗು ಇನ್ನೂ ಕಾಯುತ್ತಲೇ ಇತ್ತು.

“ನಾನ್ ಬರ್ಲಾ?”

ಮುಂದಿನ ಸಾಲುಗಳ ಕಡೆಯಿಂದ ಬಂತು ಆ ದನಿ. ಬೇಕರಿಯವರ ಮಗಳು ಸೀಟಿನ ಮೇಲೆ ಹತ್ತಿ ಹಿಂದಕ್ಕೆ ತಿರುಗಿ ನಿಂತಿದ್ದಳು. ಕೈಗಳು ಮುಖದ ಮೇಲಿರಲಿಲ್ಲ. ಅವಳಮ್ಮ ಫ್ರಾಕು ಹಿಡಿದು ಎಳೆದರು. ಅವಳು ಬಿಡಿಸಿಕೊಂಡಳು. ಉತ್ತರಕ್ಕೂ ಕಾಯದೆ ಸೀಟಿನ ಬೆನ್ನು ದಾಟಿ, ಹೆಡ್‌ಮೇಷ್ಟ್ರ ತೊಡೆ ತುಳಿದು, ಇನ್ನೊಂದು ಸೀಟು ದಾಟಿ ನಮ್ಮ ಸಾಲಿಗೆ ಬಂದು ಗುಂಡಿಗೂ ಕಾಜಾಳಿಗೂ ನಡುವೆ ತೂರಿಕೊಂಡಳು. ಇಬ್ಬರು ಕೂರುವ ಜಾಗದಲ್ಲಿ ಮೂವರು ಕೂತರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು, ಪಕ್ಕದಲ್ಲಿ ನನ್ನ ಹೆಂಡತಿಯೂ ಅಳುತ್ತಿದ್ದಳು.

ನಾನು ಕಾಜಾಳ ಕಡೆ ಬಗ್ಗಿ, “ತಪ್ಪಾಯ್ತು ಮಗಳೇ, ಅವತ್ತು ಸುಳ್ಳು ಹೇಳಿದೆ” ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಮೂವರೂ ಆಗಲೇ ಒಟ್ಟೊಟ್ಟಿಗೆ ಮಾತಾಡತೊಡಗಿದ್ದರು, ಹಿಂದಿನ ಸಾಲಿನವರು ಶ್, ಶ್ ಅನ್ನುತ್ತಿದ್ದರು.